ಗುಂಗುರು ಕೂದಲು ಮಳೆಗಾಲದಲ್ಲಿ ಕೆದರದಿರಲು: ಕಾಸರಗೋಡಿನ ಹವೆಗೆ ಒಗ್ಗುವ ಸಮಗ್ರ ಮಾರ್ಗದರ್ಶಿ

ಗುಂಗುರು ಕೂದಲಿನ ಬಗ್ಗೆ ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ಊರಿನವರಿಗೆ ಹೇಳಿದವು. ಗ್ಲಿಸರಿನ್ ಹಚ್ಚಿ, ಜೇನು ಹಚ್ಚಿ, ದಿನಾ ನೀರು ಚಿಮುಕಿಸಿ ಎಂಬ ಉಪದೇಶವನ್ನು ಜುಲೈ ತಿಂಗಳಲ್ಲಿ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಪಾಲಿಸಿದರೆ, ಬೆಳಿಗ್ಗೆ ಎಂಟಕ್ಕೆ ಚೆಂದದ ಸುರುಳಿಯಾಗಿದ್ದ ಕೂದಲು ಬಸ್ಸಿಳಿಯುವ ಹೊತ್ತಿಗೆ ಉಬ್ಬಿ ಎರಡರಷ್ಟಾಗಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಇಲ್ಲಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆ ತೇವ ಕೂದಲಿನ ಒಳಗೆ ಬೇಕಾಬಿಟ್ಟಿ ನುಗ್ಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಕೆಳಗೆ ಹೇಳುವ ಪ್ರತಿ ಹಂತವೂ ಈ ಒಂದು ಲೆಕ್ಕಾಚಾರದ ಮೇಲೆ ನಿಂತಿದೆ.

ಅಳತೆಗಳೆಲ್ಲ ಹೆಗಲಿನವರೆಗೆ ಬರುವ, ಮಧ್ಯಮ ದಪ್ಪದ ಕೂದಲಿಗೆ. ಸೊಂಟದವರೆಗೆ ಇದ್ದರೆ ಒಂದೂವರೆ ಪಟ್ಟು, ಹುಡುಗರ ಗಿಡ್ಡ ಕೂದಲಿಗಾದರೆ ಅರ್ಧ ಸಾಕು. ಚಮಚ ಎಂದರೆ 5 ಮಿಲಿ ಹಿಡಿಯುವ ಸಣ್ಣ ಚಮಚ.

ಕೆದರುವುದು ಯಾಕೆ

ಕೂದಲಿನ ಎಳೆಯ ಹೊರಮೈಯಲ್ಲಿ ತೆಳುವಾದ ಪದರಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಇದು ಕ್ಯುಟಿಕಲ್. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನು. ಅದರ ನಾರುಗಳನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ಮುಖ್ಯ. ಗಂಧಕದ ಬಂಧ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧ ಹಾಗಲ್ಲ, ನೀರು ತಾಗಿದರೆ ಬಿಡುತ್ತದೆ, ಒಣಗಿದಾಗ ಮತ್ತೆ ಕೂಡುತ್ತದೆ. ಕೂದಲು ಒಣಗುವ ಹೊತ್ತಿನಲ್ಲಿ ಯಾವ ಆಕಾರದಲ್ಲಿತ್ತೋ ಆ ಆಕಾರ ನಿಲ್ಲುವುದು ಇದರಿಂದಲೇ.

ಪೂರ್ತಿ ನೆನೆದ ಎಳೆ ದಪ್ಪದಲ್ಲಿ ಸುಮಾರು ಶೇ. 15ರಷ್ಟು ಉಬ್ಬುತ್ತದೆ. ಉದ್ದ ಹೆಚ್ಚುವುದು ಶೇ. 1–2ರಷ್ಟು ಮಾತ್ರ. ತೇವದ ಗಾಳಿಯಲ್ಲಿ ಎಳೆಗಳು ಸ್ವಲ್ಪ ಸ್ವಲ್ಪವೇ ನೀರು ಹೀರುತ್ತವೆ, ಆದರೆ ಎಲ್ಲ ಎಳೆಗಳೂ ಒಂದೇ ಸಮ ಹೀರುವುದಿಲ್ಲ. ಒಂದು ಎಳೆ ಉಬ್ಬಿ ಆಚೆ ತಿರುಗುತ್ತದೆ, ಪಕ್ಕದ್ದು ಈಚೆ. ಒಟ್ಟಾಗಿದ್ದ ಸುರುಳಿ ಬಿಚ್ಚಿಹೋಗುತ್ತದೆ. ನೆಟ್ಟನೆಯ ಕೂದಲಿಗಿಂತ ಗುಂಗುರು ಕೂದಲಿನಲ್ಲಿ ಇದು ಹೆಚ್ಚು, ಯಾಕೆಂದರೆ ಪ್ರತಿ ತಿರುವಿನಲ್ಲೂ ಕ್ಯುಟಿಕಲ್ ಸ್ವಲ್ಪ ಎದ್ದಿರುತ್ತದೆ, ನೆತ್ತಿಯ ಜಿಡ್ಡು ಆ ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದೂ ಇಲ್ಲ.

ಮೊದಲು ನಿಮ್ಮ ಕೂದಲು ನೋಡಿ

ಕೆದರುವುದಕ್ಕೆ ಕಾರಣ ಒಂದೇ ಅಲ್ಲ. ಒದ್ದೆಯಿರುವಾಗ ಸುರುಳಿ ಸರಿಯಾಗಿದ್ದು, ಒಣಗುತ್ತ ಕೆದರಿದರೆ ತಪ್ಪು ಕೈಯದ್ದು: ಬೈರಾಸಿನಲ್ಲಿ ಉಜ್ಜಿದ್ದು, ಅರ್ಧ ಒಣಗಿದಾಗ ಮುಟ್ಟಿದ್ದು, ಜೆಲ್ ಸಾಲದಿದ್ದದ್ದು. ಒಣಗಿದಾಗಲೂ ಚೆನ್ನಾಗಿದ್ದು ಹೊರಗೆ ಹೋದ ಒಂದೆರಡು ಗಂಟೆಯಲ್ಲಿ ಹಾಳಾದರೆ ಅದು ಗಾಳಿಯ ತೇವ. ಒದ್ದೆಯಲ್ಲೂ ಸುರುಳಿ ಕೂಡದೆ ತುದಿಗಳು ಒರಟಾಗಿ, ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಎಳೆಯೇ ಮುರಿದಿದೆ. ಬಣ್ಣ, ಇಸ್ತ್ರಿ, ಬಿರುಸಿನ ಬಾಚಣಿಗೆ ಇದಕ್ಕೆ ಕಾರಣ. ಮುರಿದದ್ದನ್ನು ಯಾವ ಡಬ್ಬಿಯೂ ಕೂಡಿಸುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದೆರಡು ಸೆಂಟಿಮೀಟರ್ ಕತ್ತರಿಸುತ್ತ ಬರುವುದೇ ದಾರಿ.

ಹಣೆಯಂಚಿನಲ್ಲಿ ನಿಲ್ಲುವ ಸಣ್ಣ ಕೂದಲು ಬಹಳ ಸಲ ಹೊಸದಾಗಿ ಹುಟ್ಟಿದ್ದು. ಬಾಣಂತನ ಕಳೆದ ಕೆಲ ತಿಂಗಳಲ್ಲಿ ಅದು ಗುಂಪಾಗಿ ಬರುತ್ತದೆ. ಅದನ್ನು ಎಣ್ಣೆ ಹಾಕಿ ಅದುಮಬೇಡಿ, ಉದ್ದವಾಗಲು ಬಿಡಿ.

ಬಚ್ಚಲಿನ ನೀರು

ಮುರಕಲ್ಲಿನ ನೆಲದ ತೆರೆದ ಬಾವಿ ಮತ್ತು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು, ಕೂದಲಿಗೆ ಒಳ್ಳೆಯದು. ತೊಂದರೆ ಬರುವುದು ಎರಡು ಕಡೆ. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣ ಇರುತ್ತದೆ: ಬಕೆಟಿನ ತಳದಲ್ಲಿ, ನಲ್ಲಿಯ ಕೆಳಗಿನ ನೆಲದಲ್ಲಿ ಕೆಂಪು ಕಲೆ ಕಟ್ಟಿದರೆ ತಿಳಿಯಬಹುದು. ಕಡಲಂಚಿನಲ್ಲಿ, ಹೊಳೆಬಾಯಿಯ ಹತ್ತಿರ, ಮಾರ್ಚ್ ಕಳೆದ ಮೇಲೆ ನೀರಿಗೆ ಉಪ್ಪು ಸೇರುತ್ತದೆ. ಸಾಬೂನಿಗೆ ನೊರೆ ಬರುವುದು ಕಡಿಮೆಯಾದರೆ, ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕೂತರೆ ಗಡಸು ನೀರೆಂದು ಲೆಕ್ಕ.

ಇಂಥ ನೀರಿನ ಲೋಹ, ಲವಣಗಳು ಎಳೆಗೆ ಅಂಟಿಕೊಂಡು ಒರಟುತನ ತರುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ, ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ‘ಇಡಿಟಿಎ’ (ಲೋಹ, ಲವಣಗಳನ್ನು ಹಿಡಿದು ತೆಗೆಯುವ ವಸ್ತು) ಎಂದಿರುವ ಶಾಂಪೂ ಹಾಕಿ ತೊಳೆಯಿರಿ. ಆ ಹೆಸರು ಪಟ್ಟಿಯ ಕೊನೆಯಲ್ಲಷ್ಟೇ ಇದ್ದರೆ ಅದು ಶಾಂಪೂ ಕೆಡದಂತೆ ಹಾಕಿದ್ದು, ಈ ಕೆಲಸಕ್ಕೆ ಸಾಲದು, ನಡುವಿನಲ್ಲಿ ಇರಬೇಕು. ಕೊನೆಯ ಚೊಂಬಿಗೆ ಒಂದು ಲೀಟರ್ ನೀರಿನಲ್ಲಿ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ ಸುರಿದುಕೊಳ್ಳಬಹುದು. ಕೂದಲಿಗೆ ಸ್ವಲ್ಪ ಹುಳಿ ಹಿತ, ಕ್ಷಾರ ಅಹಿತ. ಮೈಗೆ ಹಚ್ಚುವ ಸಾಬೂನು ಪಿಎಚ್ 9–10ರ ಆಸುಪಾಸಿನಲ್ಲಿರುವುದರಿಂದ ತಲೆಗೆ ಅದು ಬೇಡವೇ ಬೇಡ. ಹಾಗೆಂದು ಇಡೀ ನಿಂಬೆಹಣ್ಣು ನೆತ್ತಿಗೆ ಹಿಂಡಿಕೊಳ್ಳುವುದೂ ಬೇಡ, ಉರಿ ಬರುತ್ತದೆ. ಮಳೆಗಾಲದಲ್ಲಿ ಮಾಡಿನ ನೀರು ಧಾರಾಳ. ಮೊದಲ ಕೆಲವು ಮಳೆಗೆ ಮಾಡು ತೊಳೆದುಹೋದ ಮೇಲೆ ಹಿಡಿದಿಟ್ಟ ನೀರಿಗಿಂತ ಮೆದು ನೀರು ಸಿಗಲಿಕ್ಕಿಲ್ಲ.

ಎಣ್ಣೆ ಹಚ್ಚುವುದು ಮೀಯುವ ಮೊದಲು

ತೆಂಗಿನೆಣ್ಣೆಯ ಬಗ್ಗೆ ಅಜ್ಜಿಯಂದಿರು ಹೇಳಿದ್ದರಲ್ಲಿ ಅರ್ಧ ಸರಿ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೆಟ್ಟನೆಯದು, ಎಳೆಯ ಒಳಕ್ಕೆ ಇಳಿಯುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ಭಾರತದಲ್ಲಿ ಮಾಡಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನಿಂದ ಪ್ರೋಟೀನು ಸೋರುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ತೊಳೆಯುವಾಗ ಎಳೆ ಅತಿಯಾಗಿ ಉಬ್ಬದಂತೆ ಅದು ತಡೆಯುತ್ತದೆ.

ಆದ್ದರಿಂದ ಮೀಯುವುದಕ್ಕೆ ಒಂದೆರಡು ಗಂಟೆ ಮೊದಲು, ಅಥವಾ ಹಿಂದಿನ ರಾತ್ರಿ, ಎರಡು ಚಮಚ ಎಣ್ಣೆ ತೆಗೆದುಕೊಂಡು ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಿ. ಎಣ್ಣೆ ಸುರಿಯುವಷ್ಟು ಹಾಕಿದರೆ ಅದನ್ನು ತೆಗೆಯಲು ಎರಡು ಸಲ ಶಾಂಪೂ ಬೇಕಾಗುತ್ತದೆ, ಹಚ್ಚಿದ ಲಾಭವೆಲ್ಲ ಅಲ್ಲಿಗೆ ಹೋಯಿತು. ಹರಳೆಣ್ಣೆಯದ್ದೂ ಇದೇ ಗೋಳು. ತಲೆಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ಹಾಕಲೇಬೇಡಿ, ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಅದೇ ಆಹಾರ. ಮಿಂದ ಮೇಲೆ ಎಣ್ಣೆ ಹಚ್ಚಿ ಬಾಚುವ ರೂಢಿಯೂ ಗುಂಗುರು ಕೂದಲಿಗೆ ಹೇಳಿದ್ದಲ್ಲ: ಸುರುಳಿ ಜೋತುಬೀಳುತ್ತದೆ, ಧೂಳು ಹಿಡಿಯುತ್ತದೆ.

ತೊಳೆಯುವುದು

ವಾರಕ್ಕೆ ಎರಡು ಸಲ ಸಾಕು. ಒಂದೂವರೆ ಚಮಚ ಶಾಂಪೂವನ್ನು ಅರ್ಧ ಚೊಂಬು ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ, ಬೆರಳತುದಿಯಲ್ಲಿ ಉಜ್ಜಿ. ಉಗುರು ಬೇಡ. ಕೆಳಗಿನ ಕೂದಲಿಗೆ ಇಳಿದುಬರುವ ನೊರೆಯೇ ಸಾಕು. ಕೂದಲನ್ನೆಲ್ಲ ನೆತ್ತಿಗೆ ಎಳೆದು ಬಟ್ಟೆ ಕುಕ್ಕುವಂತೆ ಉಜ್ಜಿದರೆ ಆಗುವ ಸಿಕ್ಕು ಬಿಡಿಸುವುದರಲ್ಲೇ ಅರ್ಧ ಕೂದಲು ಮುರಿಯುತ್ತದೆ. ಹಂಡೆಯಲ್ಲಿ ಕುದಿಯುವ ನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಕೊನೆಗೆ ತಣ್ಣೀರು ಹಾಕಿದರೆ ಕ್ಯುಟಿಕಲ್ ಮುಚ್ಚಿಕೊಳ್ಳುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳುತ್ತದೆ, ಅದನ್ನು ನಂಬಬೇಕಾಗಿಲ್ಲ. ಆ ಕೆಲಸ ಮಾಡುವುದು ಹುಳಿ ಮತ್ತು ಕಂಡೀಷನರ್. ಜ್ವರ ಬರುವ ಹಾಗೆ ಆಷಾಢದಲ್ಲಿ ತಣ್ಣೀರು ಸುರಿದುಕೊಳ್ಳುವ ಅಗತ್ಯವಿಲ್ಲ.

ದಾಸವಾಳದ ಎಲೆಯ ಗೊಂಪು ಗುಂಗುರು ಕೂದಲಿಗೆ ನಿಜಕ್ಕೂ ಒಗ್ಗುವ ವಸ್ತು. ಬಲಿತ ಎಲೆ 25–30 ತೆಗೆದುಕೊಂಡು ತೊಳೆದು, ಅರ್ಧ ಲೀಟರ್ ನೀರಿನಲ್ಲಿ ಕೈಯಿಂದಲೇ ಕಿವುಚಿ. ಐದು ನಿಮಿಷದಲ್ಲಿ ನೀರು ಹಸಿರಾಗಿ, ಬೆರಳ ಸಂದಿನಿಂದ ನೂಲಿನಂತೆ ಇಳಿಯುವಷ್ಟು ಲೋಳೆಯಾಗುತ್ತದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಮಿಕ್ಸಿಗೆ ಹಾಕಬಾರದು, ಎಲೆಯ ಚೂರು ಸುರುಳಿಯೊಳಗೆ ಸಿಕ್ಕಿಕೊಂಡು, ಒಣಗಿದ ಮೇಲೆ ಹೊಟ್ಟಿನಂತೆ ಉದುರುತ್ತ ಇರುತ್ತದೆ. ಗೊಂಪು ಬೆವರು, ಧೂಳು, ಸ್ವಲ್ಪ ಜಿಡ್ಡು ತೆಗೆಯುತ್ತದೆ. ತಲೆತುಂಬ ಹಚ್ಚಿದ ಎಣ್ಣೆಯನ್ನೋ ಸಿಲಿಕೋನ್ ಸೀರಮ್ಮನ್ನೋ ತೆಗೆಯುವ ಶಕ್ತಿ ಅದಕ್ಕಿಲ್ಲ. ವಾರದ ಒಂದು ಸ್ನಾನಕ್ಕೆ ಶಾಂಪೂ, ಇನ್ನೊಂದಕ್ಕೆ ಗೊಂಪು ಎಂದು ಹಂಚಿಕೊಂಡರೆ ಸರಿಹೋಗುತ್ತದೆ. ಅದರ ಜಾರಿಕೆಯಲ್ಲಿ ಸಿಕ್ಕೂ ಸುಲಭವಾಗಿ ಬಿಡುತ್ತದೆ. ಅದೇ ದಿನ ಮಾಡಿ ಅದೇ ದಿನ ಮುಗಿಸಿ.

ಸೀಗೆಪುಡಿ, ಕಡಲೆಹಿಟ್ಟು ನೇರವಾಗಿ ತಿಕ್ಕುವುದು ಬೇಡ. ದೀಪಾವಳಿಯ ಎಣ್ಣೆಸ್ನಾನಕ್ಕೆ ಸೀಗೆ ಬೇಕೇಬೇಕೆಂದರೆ ಪುಡಿಯನ್ನು ನೀರಿನಲ್ಲಿ ಕುದಿಸಿ ಸೋಸಿ, ನೀರನ್ನಷ್ಟೇ ಬಳಸಿ.

ಕಂಡೀಷನರ್ ಮತ್ತು ಸಿಕ್ಕು

ಬಾಚಣಿಗೆ ಹಾಕುವ ಸಮಯ ಇದೊಂದೇ. ನೀರು ತೊಟ್ಟಿಕ್ಕುತ್ತಿರುವ ಕೂದಲಿಗೆ ನಾಲ್ಕು ಚಮಚ ಕಂಡೀಷನರ್ ಹಾಕಿ, ಕಿವಿಯಿಂದ ಕೆಳಗೆ. ಮೊದಲು ಬೆರಳಿನಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಇನ್ನೊಂದಿಷ್ಟು ನೀರು ಅಂಗೈಯಲ್ಲಿ ತೆಗೆದುಕೊಂಡು ಕೂದಲನ್ನು ತುದಿಯಿಂದ ನೆತ್ತಿಯ ಕಡೆಗೆ ಮುಷ್ಟಿಯಲ್ಲಿ ಒತ್ತಿ ಒತ್ತಿ ಬಿಡಿ. ಪಚಪಚ ಸದ್ದು ಬರಬೇಕು. ಬಾರದಿದ್ದರೆ ನೀರು ಸಾಲದು, ಕಂಡೀಷನರ್ ಅಲ್ಲ. ಇಲ್ಲಿ ಹೆಚ್ಚಿನವರು ಇನ್ನಷ್ಟು ಕಂಡೀಷನರ್ ಹಾಕಿ ದುಡ್ಡು ಹಾಳು ಮಾಡುತ್ತಾರೆ. ಮೂರು ನಿಮಿಷ ಬಿಟ್ಟು ತೊಳೆಯಿರಿ.

ಜೆಲ್: ಮಳೆಗಾಲದ ಅಸಲು ಕೆಲಸ

ತೇವದ ವಿರುದ್ಧ ನಿಜವಾಗಿ ನಿಲ್ಲುವುದು ಈ ಹಂತ. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೂ ಫಲ ಅಷ್ಟಕ್ಕಷ್ಟೆ.

ಅಂಗಡಿಯಲ್ಲಿ ಡಬ್ಬಿಯ ಹಿಂದಿನ ಪಟ್ಟಿ ಓದಿ. ಮೊದಲ ಐದಾರು ಹೆಸರುಗಳಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್, ಜೇನು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಡಬ್ಬಿ ಕಪಾಟಿನಲ್ಲೇ ಇರಲಿ. ಇವೆಲ್ಲ ಗಾಳಿಯ ನೀರನ್ನು ಎಳೆದುಕೊಳ್ಳುವ ಜಾತಿ. ಬೇಕಾದದ್ದು ಎಳೆಯ ಮೇಲೆ ತೆಳು ಪೊರೆ ಕಟ್ಟುವಂಥದು: ಪಾಲಿಕ್ವಾಟರ್ನಿಯಮ್ ಎಂದು ಶುರುವಾಗಿ ಮುಂದೆ ಒಂದು ಸಂಖ್ಯೆ ಇರುವ ಹೆಸರುಗಳು, ಡೈಮೆಥಿಕೋನ್, ಅಮೊಡೈಮೆಥಿಕೋನ್ ಎಂಬ ಸಿಲಿಕೋನ್‌ಗಳು. ಕೂದಲು ಹಿಡಿದಿಡಲು ಪಿವಿಪಿ ಎಂಬ ಅಂಟು ಒಂದನ್ನೇ ನೆಚ್ಚಿಕೊಂಡ ಅಗ್ಗದ ಜೆಲ್‌ಗಳು ಒಣಹವೆಯಲ್ಲಿ ಗಟ್ಟಿ ನಿಂತು, ನಮ್ಮಲ್ಲಿ ಮಧ್ಯಾಹ್ನದೊಳಗೆ ಅಂಟಂಟಾಗುತ್ತವೆ. ಸಿಲಿಕೋನ್ ಎಂದರೆ ವಿಷ ಎಂಬ ಹೆದರಿಕೆ ಅನಗತ್ಯ. ಮಳೆನಾಡಿನ ಕೂದಲಿಗೆ ಅದು ಉಪಕಾರಿಯೇ, ಆದರೆ ವಾರಕ್ಕೊಮ್ಮೆಯಾದರೂ ಶಾಂಪೂವಿನಲ್ಲಿ ತೊಳೆದು ತೆಗೆಯಬೇಕು.

ಮನೆಯಲ್ಲೇ ಮಾಡುವುದಾದರೆ ಅಗಸೆಬೀಜದ ಜೆಲ್ ಇದೆ. 40 ಗ್ರಾಂ ಬೀಜವನ್ನು ಅರ್ಧ ಲೀಟರ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 8–10 ನಿಮಿಷ ಕುದಿಸಿ. ಮೇಲೆ ಬಿಳಿ ನೊರೆ ಕಟ್ಟಿ, ಚಮಚ ಎತ್ತಿದರೆ ಮೊಟ್ಟೆಯ ಬಿಳಿಭಾಗದ ಹದದಲ್ಲಿ ಜೋಲಿದಾಗ ಒಲೆ ಆರಿಸಿ. ಇನ್ನೂ ಎರಡು ನಿಮಿಷ ಬಿಟ್ಟರೆ ಬೀಜ ಜೆಲ್ಲನ್ನು ಬಿಟ್ಟುಕೊಡುವುದಿಲ್ಲ. ಬಿಸಿಯಿರುವಾಗಲೇ ಹಳೆಯ ನೈಲಾನ್ ಶಾಲಿನ ತುಂಡಿನಲ್ಲಿ ಸೋಸಿ, ಇಕ್ಕುಳದಲ್ಲಿ ಹಿಡಿದು ಹಿಂಡಿ; ತಣಿದರೆ ಒಂದು ಹನಿಯೂ ಇಳಿಯದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಹುಳಿವಾಸನೆ ಬಂದರೆ ಚೆಲ್ಲಿ. ಡಿಸೆಂಬರಿನಲ್ಲಿ ಇದು ಒಂದೇ ಸಾಕು. ಮಳೆಗಾಲದಲ್ಲಿ ಇದು ತಾನೇ ನೀರು ಹೀರಿಕೊಂಡು ಮೆತ್ತಗಾಗುತ್ತದೆ, ಆದ್ದರಿಂದ ಮೇಲಿನಿಂದ ಅಂಗಡಿಯ ಜೆಲ್ಲಿನ ಇನ್ನೊಂದು ಪದರ ಬೇಕು.

ಹಚ್ಚುವ ಕ್ರಮ ಹೀಗೆ. ಬಚ್ಚಲಿನಿಂದ ಹೊರಗೆ ಬರುವ ಮೊದಲೇ, ಕೂದಲಿನಿಂದ ನೀರಿಳಿಯುತ್ತಿರುವಾಗಲೇ, ನಾಲ್ಕು ಭಾಗ ಮಾಡಿ. ತಲೆಗೆಲ್ಲ ಸೇರಿ ಅರ್ಧ ಚಮಚ ತೊಳೆಯದೆ ಬಿಡುವ ಕಂಡೀಷನರ್. ಆಮೇಲೆ ಜೆಲ್, ಭಾಗಕ್ಕೆ ಮುಕ್ಕಾಲು ಚಮಚ: ಎರಡು ಅಂಗೈಗೂ ಸವರಿಕೊಂಡು, ಕೈಮುಗಿದ ಹಾಗೆ ಕೂದಲನ್ನು ನಡುವೆ ಹಿಡಿದು, ಬುಡದ ಹತ್ತಿರದಿಂದ ತುದಿಯವರೆಗೆ ನುಣ್ಣಗೆ ಜಾರಿಸಿ. ಹಿಂದಲೆಯ ಒಳಪದರ ಮರೆಯುವವರೇ ಹೆಚ್ಚು, ಮೊದಲು ಕೆದರುವುದೂ ಅದೇ. ಎಲ್ಲ ಆದ ಮೇಲೆ ತಲೆ ಬಗ್ಗಿಸಿ, ಮುಷ್ಟಿಯಲ್ಲಿ ಒತ್ತಿ ಬಿಡಿ. ಅರೆ ಒಣಗಿದ ಕೂದಲಿಗೆ ಜೆಲ್ ಹಚ್ಚಿದರೆ ಆಗಲೇ ಬಿಚ್ಚಿಹೋದ ಎಳೆಗಳು ಹಾಗೆಯೇ ಅಂಟಿ ಕೂರುತ್ತವೆ, ಬಿಳಿ ಪುಡಿಯೂ ಏಳುತ್ತದೆ.

ಒಣಗಿಸುವುದು

ದಪ್ಪ ಟರ್ಕಿ ಟವೆಲಿನ ಕುಣಿಕೆಗಳು ಎಳೆ ಎಬ್ಬಿಸುತ್ತವೆ. ಹಳೆಯದಾಗಿ ಮೆದುವಾದ ಹತ್ತಿಯ ಬೈರಾಸು ಇದಕ್ಕೆ ಹೇಳಿ ಮಾಡಿಸಿದ್ದು. ಮಂಚದ ಮೇಲೆ ಅದನ್ನು ಹಾಸಿ, ಬಗ್ಗಿ ಕೂದಲನ್ನು ಅದರ ನಡುವೆ ಸುರುಳಿಯಾಗಿ ಕೂರುವಂತೆ ಇಳಿಸಿ, ಎರಡು ತುದಿ ಹಿಂದೆ ತಂದು ಕಟ್ಟಿ. ಹದಿನೈದು ಇಪ್ಪತ್ತು ನಿಮಿಷ ಸಾಕು, ಜಾಸ್ತಿ ಬಿಟ್ಟರೆ ನೆತ್ತಿಯ ಕೂದಲು ಚಪ್ಪಟೆಯಾಗಿ ಒಣಗುತ್ತದೆ. ಉಜ್ಜುವುದು, ಜಾಡಿಸುವುದು ಇಲ್ಲ.

ಬೈರಾಸು ಬಿಚ್ಚಿದ ಮೇಲೆ ಪೂರ್ತಿ ಒಣಗುವವರೆಗೆ ಕೈ ತಾಗಿಸಬೇಡಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಮಳೆಗಾಲದಲ್ಲಿ ತಾನಾಗಿ ಒಣಗಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಹೈಡ್ರೋಜನ್ ಬಂಧಗಳು ಎತ್ತಲೂ ಕೂಡದೆ ಇರುವುದರಿಂದ ಸುರುಳಿ ಸಡಿಲವಾಗುತ್ತದೆ. ಹಾಗಾಗಿ ಹೇರ್ ಡ್ರೈಯರಿಗೆ ಡಿಫ್ಯೂಸರ್ ಎಂಬ ತೂತಿನ ಬಟ್ಟಲು ಸಿಕ್ಕಿಸಿ, ಕಡಿಮೆ ಬಿಸಿ, ಕಡಿಮೆ ವೇಗದಲ್ಲಿ, ಮುಕ್ಕಾಲು ಭಾಗ ಒಣಗುವವರೆಗೆ ಹಿಡಿಯುವುದು ಒಳ್ಳೆಯದು; ಉಳಿದದ್ದು ಫ್ಯಾನಿನ ಕೆಳಗೆ. ಗಾಳಿಮಳೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಕಾರಣ ರಾತ್ರಿ ತಲೆಗೆ ಮೀಯುವ ಅಭ್ಯಾಸ ಬಿಡಿ. ಒದ್ದೆ ಕೂದಲನ್ನು ತುರುಬು ಕಟ್ಟಿಟ್ಟರೆ ಮುಗ್ಗುವಾಸನೆ ಬರುವುದಷ್ಟೇ ಅಲ್ಲ, ಎಳೆಗಳ ಮೇಲೆ ಬಿಳಿ ಗಂಟುಗಳನ್ನು ಕಟ್ಟುವ ಶಿಲೀಂಧ್ರವೂ ಬರಬಹುದು. ಅದನ್ನು ಹೇನಿನ ಮೊಟ್ಟೆಯೆಂದು ತಿಳಿದು ಹೇನಿನ ಔಷಧಿ ಹಾಕುವವರಿದ್ದಾರೆ.

ಒಣಗಿದಾಗ ಕೂದಲು ಕಡ್ಡಿಯಂತೆ ಗಟ್ಟಿಯಾಗಿ ಕಂಡರೆ ಗಾಬರಿ ಬೇಡ, ಜೆಲ್ ಕಚ್ಚಿಕೊಂಡಿದೆ ಎಂದರ್ಥ. ಮೂರು ನಾಲ್ಕು ಹನಿ ತೆಂಗಿನೆಣ್ಣೆ ಅಥವಾ ಸಿಲಿಕೋನ್ ಸೀರಮ್ ಅಂಗೈಗೆ ಸವರಿ, ಮುಷ್ಟಿಯಲ್ಲಿ ಒತ್ತಿದರೆ ಗಡಸು ಒಡೆದು ಮೆತ್ತಗಿನ ಸುರುಳಿ ಉಳಿಯುತ್ತದೆ. ಒಳಗೆ ಸ್ವಲ್ಪ ತೇವ ಉಳಿದಿದ್ದರೂ ಇದನ್ನು ಮಾಡಬೇಡಿ. ಹೊರಗೆ ಜಡಿಮಳೆಯಿದ್ದರೆ ಒಡೆಯದೆ ಹಾಗೇ ಹೋಗಿ, ತಲುಪಿದ ಮೇಲೆ ಒಡೆಯಿರಿ.

ರಾತ್ರಿ, ಮರುದಿನ, ಹೆಲ್ಮೆಟ್

ಮಲಗುವಾಗ ನೆತ್ತಿಯ ಮೇಲೆ ಸಡಿಲವಾಗಿ ಒಂದೇ ಸುತ್ತು ಜುಟ್ಟು, ದಿಂಬಿಗೆ ಹಳೆಯ ರೇಷ್ಮೆಯ ಅಥವಾ ಸ್ಯಾಟಿನ್ ಬಟ್ಟೆಯ ಹೊದಿಕೆ. ಬೆಳಿಗ್ಗೆ ಕೆದರಿದ ಜಾಗಕ್ಕೆ ಮಾತ್ರ, 200 ಮಿಲಿ ನೀರಿಗೆ ಒಂದು ಚಮಚ ಕಂಡೀಷನರ್ ಕಲಸಿದ್ದನ್ನು ಚಿಮುಕಿಸಿ, ಆ ಸುರುಳಿಯನ್ನು ಬೆರಳಿಗೆ ಸುತ್ತಿ ಬಿಡಿ. ಈ ನೀರು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ.

ಸ್ಕೂಟರಿನವರು ಹೆಲ್ಮೆಟಿನೊಳಗೆ ಸ್ಯಾಟಿನ್ ಟೋಪಿ ಹಾಕಿಕೊಳ್ಳಬಹುದು. ಮಂಗಳೂರಿಗೆ ದಿನಾ ಬಸ್ಸಿನಲ್ಲೋ ರೈಲಿನಲ್ಲೋ ಹೋಗುವವರು ಕಿಟಕಿ ಪಕ್ಕ ಕೂರುವುದಾದರೆ ಸಡಿಲ ಜಡೆ ಹೆಣೆದು, ಇಳಿದ ಮೇಲೆ ಬಿಚ್ಚಲಿ. ಮಲ್ಲಿಗೆ ಮುಡಿಯುವುದಕ್ಕೆ ಎರಡು ಕಾಲಿನ ಯು ಪಿನ್ನು ಒಳ್ಳೆಯದು; ಒತ್ತಿ ಹಿಡಿಯುವ ಕಪ್ಪು ಪಿನ್ನು ತೆಗೆಯುವಾಗ ನಾಲ್ಕು ಎಳೆ ಕಿತ್ತುಕೊಂಡೇ ಬರುತ್ತದೆ.

ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಎರಡು ಜಡೆ ಕಡ್ಡಾಯವಿದ್ದರೆ, ಒಣ ಕೂದಲನ್ನು ಬಾಚಬೇಡಿ. ಮೇಲಿನ ಕಂಡೀಷನರ್ ನೀರು ಚಿಮುಕಿಸಿ, ಬೆರಳಿನಿಂದ ಬೈತಲೆ ತೆಗೆದು, ತುದಿಯಿಂದ ಸಿಕ್ಕು ಬಿಡಿಸಿ ಹೆಣೆಯಿರಿ. ಹಣೆಯ ಚರ್ಮ ಎಳೆಯುವಷ್ಟು ಬಿಗಿ ಮಾಡಿದರೆ ಕೆಲವೇ ವರ್ಷಗಳಲ್ಲಿ ಕೂದಲಂಚು ಹಿಂದೆ ಸರಿಯುತ್ತದೆ, ಸರಿದದ್ದು ಕೆಲವೊಮ್ಮೆ ಮರಳುವುದೇ ಇಲ್ಲ.

ಪಾರ್ಲರಿನ ‘ಕೆರಾಟಿನ್’

ಮದುವೆ ಸೀಸನ್ನಿಗೆ ಕೂದಲು ನೇರ ಮಾಡುವ ಕೆರಾಟಿನ್ ಚಿಕಿತ್ಸೆ ಮಾಡಿಸುವವರು ಮೊದಲು ಡಬ್ಬಿಯ ಪಟ್ಟಿ ಕೇಳಿ. ಫಾರ್ಮಾಲ್ಡಿಹೈಡ್ ಅಥವಾ ಬಿಸಿಗೆ ಅದನ್ನು ಬಿಡುವ ಮೀಥಿಲೀನ್ ಗ್ಲೈಕಾಲ್ ಇದ್ದರೆ ಬೇಡ. ಫಾರ್ಮಾಲ್ಡಿಹೈಡ್ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪರಿಗಣಿಸಿದೆ. ಬದಲಿಯಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಚಿಕಿತ್ಸೆಯ ನಂತರ ಮೂತ್ರಪಿಂಡಕ್ಕೆ ತೀವ್ರ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಷ್ಟೆಲ್ಲ ಆಗಿ ಗುಂಗುರೂ ಹೋಗುತ್ತದೆ, ಬುಡದಿಂದ ಹೊಸದು ಬರುವಾಗ ಅರ್ಧ ನೇರ, ಅರ್ಧ ಸುರುಳಿ.

ಮಾಡಿದರೂ ಸರಿಯಾಗದಿದ್ದರೆ

ಕೂದಲು ಜೋತುಬಿದ್ದು, ಒದ್ದೆಯಲ್ಲಿ ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಕಂಡೀಷನರ್ ಅತಿಯಾಗಿದೆ, ಅಥವಾ ಎಳೆ ದುರ್ಬಲವಾಗಿದೆ. ಎರಡು ಸ್ನಾನಕ್ಕೆ ತೊಳೆಯದೆ ಬಿಡುವ ಕಂಡೀಷನರ್ ನಿಲ್ಲಿಸಿ, ಹೈಡ್ರೊಲೈಸ್ಡ್ (ಸಣ್ಣ ತುಂಡುಗಳಾಗಿ ಒಡೆದ) ಪ್ರೋಟೀನು ಇರುವ ಕಂಡೀಷನರನ್ನು ತಿಂಗಳಿಗೊಮ್ಮೆ ಹಾಕಿ ನೋಡಿ. ಮೊಟ್ಟೆ ಹಚ್ಚಿದರೆ ಆಗದು, ಅದರ ಪ್ರೋಟೀನಿನ ಅಣು ಎಳೆಯೊಳಗೆ ಹೋಗಲಾರದಷ್ಟು ದೊಡ್ಡದು, ವಾಸನೆ ಮಾತ್ರ ಎರಡು ದಿನ ಉಳಿಯುತ್ತದೆ. ಎಷ್ಟು ತೊಳೆದರೂ ಮೇಣ ಮೆತ್ತಿದ ಹಾಗಿದ್ದರೆ ಸಿಲಿಕೋನೋ ಕಬ್ಬಿಣವೋ ಕೂತಿದೆ. ಇಡಿಟಿಎ ಶಾಂಪೂವಿನ ಸ್ನಾನ ಮುಂದೆ ತನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ಸ್ನಾನ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ನೆತ್ತಿ ಕಾಣುವಂತೆ ತೇಪೆ ತೇಪೆಯಾಗಿ ಉದುರಿದರೆ, ತುರಿಕೆಯೊಂದಿಗೆ ಹಕ್ಕಳೆ ಎದ್ದರೆ ಚರ್ಮವೈದ್ಯರ ಹತ್ತಿರ ಹೋಗಿ.

ತುಲಾಮಾಸದ (ಅಕ್ಟೋಬರ್–ನವೆಂಬರ್) ಗುಡುಗು ಮಳೆ ಮುಗಿದು ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಒಣಗಾಳಿ ಬೀಸತೊಡಗಿದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಪಾಟಿನಲ್ಲಿಟ್ಟ ಗ್ಲಿಸರಿನ್ ಡಬ್ಬಿ ಆಗ ಹೊರತೆಗೆಯಬಹುದು, ಜೆಲ್ ಅರ್ಧಕ್ಕಿಳಿಸಬಹುದು. ಫೆಬ್ರವರಿ ಕೊನೆಗೆ ಸೆಕೆ ಏರಿ ಬೆವರು ಶುರುವಾದ ಕೂಡಲೇ ಗ್ಲಿಸರಿನ್ ಮತ್ತೆ ಒಳಗೆ, ವಾರಕ್ಕೆ ಮೂರು ಸ್ನಾನ, ಅದರಲ್ಲಿ ಎರಡು ಗೊಂಪಿನದ್ದು.